ಯಾರೂ ತಮ್ಮದೆನ್ನದ ಗೋಡೆ

ಸಕೀನಾ ಬೀಗೆ ಮೊಣಕಾಲು ಮಡಚುವುದು ಕಷ್ಟವಾಗಿ, ಹಿತ್ತಲಿನ ಪಾಯಖಾನೆಗೆ ಹೋಗಿಬರಲು ಸೊಸೆಯ ಭುಜ ಬೇಕಾದ ಮೇಲೆ ಮನೆ ರಿಪೇರಿಯ ಮಾತು ಶುರುವಾಯಿತು. ಅಡುಗೆಮನೆಯನ್ನು ಒಂದಿಷ್ಟು ಮುಂದಕ್ಕೆ ಸರಿಸಿ, ಅದರ ಮಗ್ಗುಲಲ್ಲೇ ಕಮೋಡಿನ ಬಾತ್‌ರೂಮು ಕಟ್ಟುವುದೆಂದು ತೀರ್ಮಾನವಾಯಿತು. ಸಕೀನಾ ಬೀಯ ಗಂಡ ಜಿಲಾನ್ ಬಾಷಾ ಚಳ್ಳಕೆರೆಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿಯ ಅಂಗಡಿ ಇಟ್ಟವರು. ಮಗ ಅನ್ವರ್ ಅದೇ ಅಂಗಡಿಯಲ್ಲಿ ಕಾಯಿಲ್ ಸುತ್ತುತ್ತಿದ್ದ. ಸೊಸೆ ಸಬೀನಾ ಮೊಳಕಾಲ್ಮುರಿನ ಹುಡುಗಿ. ಮದುವೆಯಾಗಿ ಬಂದು ಮೂರು ವರ್ಷವಾಗಿತ್ತು.

ಮನೆ ಹಳೆಯದು, ಮಣ್ಣಿನ ಮಾಳಿಗೆಯದು. ಅದಕ್ಕೂ ಪಕ್ಕದ ರೇಣುಕಮ್ಮನ ಮನೆಗೂ ನಡುವೆ ಒಂದೇ ಗೋಡೆ. ಎರಡೂ ಮನೆಯ ತೊಲೆಗಳು ಆ ಗೋಡೆಯ ಮೇಲೆ ಎದುರುಬದುರಾಗಿ ಕೂತಿದ್ದವು. ಎದೆಮಟ್ಟದಲ್ಲಿ ಒಂದು ಕಿಂಡಿ ಇತ್ತು. ಆ ಕಿಂಡಿಯಲ್ಲಿ ಒಂದು ಕಾಲದಲ್ಲಿ ಕೆಂಡ ದಾಟುತ್ತಿತ್ತು, ಈಗ ಸಾರಿನ ಬಟ್ಟಲು, ಹೆಪ್ಪಿಗೆ ಮಜ್ಜಿಗೆ, ಮಾತು ದಾಟುತ್ತಿದ್ದವು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಸೋರದಿರಲೆಂದು ಕರ್ಲು ಮಣ್ಣು ಹಾಕುವಾಗ, ಮೇಲೆ ಹತ್ತಿದವರು ಮೊದಲ ಬುಟ್ಟಿಯನ್ನು ಪಕ್ಕದವರ ಕಡೆಗೆ ಸುರಿಯಬೇಕು. ಹಿರಿಯರ ಕಾಲದಿಂದ ನಡೆದುಬಂದ ರೂಢಿ ಅದು. ಗೋಡೆಯನ್ನು ಯಾರೂ ನಮ್ಮದು ಎನ್ನುತ್ತಿರಲಿಲ್ಲ. ಬಾಷಾ ಮನೆಯವರಿಗೆ ಅದು ಜುಂಜಣ್ಣನ ಗೋಡೆ. ಜುಂಜಣ್ಣನ ಹೆಂಡತಿ ರೇಣುಕಮ್ಮನಿಗೆ ಬಾಷಣ್ಣನ ಗೋಡೆ.

ಜುಂಜಣ್ಣ ಕುರಿ ಮೇಯಿಸುತ್ತ ತಳಕಿನ ಆಚೆಗೆಲ್ಲ ತಿರುಗಿದವನು, ತೀರಿಕೊಂಡು ಐದಾರು ವರ್ಷವಾಗಿತ್ತು. ರೇಣುಕಮ್ಮ ಸಂತೆಯಲ್ಲಿ ಕಂಬಳಿ ಮಾರುತ್ತಿದ್ದಳು. ಈಗ ಅವಳ ಮಗಳು ದೀಪಿಕಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತನಕ್ಕೆಂದು ಒಳಕೋಣೆಗೆ ಸುಣ್ಣ ಬಳಿದು, ತೊಟ್ಟಿಲು ತಂದಿಟ್ಟಿದ್ದರು.

ಸಬೀನಾಗೆ ಕಿಂಡಿ ಕಂಡರಾಗುತ್ತಿರಲಿಲ್ಲ. ಈ ಮನೆಯಲ್ಲಿ ದಿನದ ಮಾತು ಉರ್ದುವಿನಲ್ಲಿ ನಡೆದರೂ ಜಗಳ ಏರಿದರೆ ಎಲ್ಲರೂ ಕನ್ನಡಕ್ಕೆ ಹೊರಳುತ್ತಿದ್ದರು. ಆಚೆಯವರಿಗೂ ಕೇಳಲಿ, ನ್ಯಾಯ ಹೇಳಲಿ ಎಂದಿರಬೇಕು.

"ರಿಪೇರಿ ಮಾಡಿಸ್ತಾ ಇದೀವಲ್ಲ, ಆ ಕಿಂಡಿನೂ ಮುಚ್ಚಿಸಿಬಿಡಿ," ಎಂದಳು ಒಂದು ಸಂಜೆ ಗಂಡನಿಗೆ ರೊಟ್ಟಿ ಹಾಕುತ್ತ. "ನಾನು ಪಲ್ಯಕ್ಕೆ ಉಪ್ಪು ಜಾಸ್ತಿ ಹಾಕಿದ್ದು ಅಮ್ಮಿಗಿಂತ ಮುಂಚೆ ಅವರಿಗೆ ಗೊತ್ತಾಗುತ್ತೆ."

"ಗೊತ್ತಾಗೇ ಅವತ್ತು ಮೊಸರು ಕೊಟ್ಟಿದ್ದು," ಎಂದಳು ಸಕೀನಾ ಬೀ.

ಅವತ್ತು ಸಬೀನಾಳ ಅಣ್ಣ ಇಫ್ತಿಕಾರ್ ಕೂಡ ಊಟಕ್ಕೆ ಕೂತಿದ್ದ. ಮೊಳಕಾಲ್ಮುರಿನಲ್ಲಿ ಅವನು ವಿಮೆಯ ಏಜೆಂಟು. ಬ್ಯಾಗಿನಿಂದ ಕಾಗದ ತೆಗೆದ.

"ಮಾಮು, ಇದೊಂದು ಮಾಡಿಸ್ಕಳಿ. ಮನೆ ಕೆಲಸ ನಡೆಯೋವಾಗ ಹೊಸದಾಗಿ ಕಟ್ಟಿದ್ದು ಬಿದ್ರೆ ಕಂಪನಿ ಕೊಡುತ್ತೆ. ಪಕ್ಕದವರ ಆಸ್ತಿಗೆ ಪೆಟ್ಟಾದ್ರೂ ಕೊಡುತ್ತೆ. ನಿಮ್ಮ ಹಳೇ ಗೋಡೆ, ಹಳೇ ಮಾಳಿಗೆಗೆ ಮಾತ್ರ ಇದ್ರಾಗೆ ಇಲ್ಲ."

"ಬಾತ್‌ರೂಮಿಗೂ ವಿಮೆನಾ?" ಎಂದು ಜಿಲಾನ್ ಬಾಷಾ ನಕ್ಕರು. "ಕೂತಾಗ ಮುರಿದ್ರೆ ಕೊಡ್ತಾರಾ?"

"ಅಬ್ಬಾ, ಸುಮ್ನೆ ಸೈನ್ ಹಾಕಿ," ಎಂದ ಅನ್ವರ್. "ಬಾವ ಬಂದಿದ್ದೇ ಅದಕ್ಕೆ. ನಿಮ್ಮ ದಾಲ್ಚಾ ತಿನ್ನೋಕಲ್ಲ."

ಬಾಷಾ ಸೈನ್ ಹಾಕಿದರು. ಇಫ್ತಿಕಾರ್ ಹೇಳಿದ ಕೊನೆಯ ಮಾತನ್ನು ನೆನಪಿಟ್ಟುಕೊಂಡವಳು ಸಬೀನಾ ಒಬ್ಬಳೇ.

ಆಗಸ್ಟಿನಲ್ಲಿ ಮೇಸ್ತ್ರಿ ಯರ್ರಪ್ಪ ಕೆಲಸ ಹಿಡಿದ. ಹಳೆ ಅಡುಗೆಮನೆ ಕಿತ್ತು, ಸ್ಟೌವನ್ನು ಪಡಸಾಲೆಗೆ ತಂದರು. ಸೀಮೆಂಟಿನ ಧೂಳು ಅನ್ನದ ಮೇಲೂ ಕೂರುತ್ತಿತ್ತು. ಸಕೀನಾ ಬೀಯ ಮೊಣಕಾಲಿಗೆ ದಿನ ಬೆಳಗ್ಗೆ ಶಾಖ ಕೊಡಲು ಬಿಸಿನೀರು ಬೇಕು. ಈ ಗಲಾಟೆಯಲ್ಲಿ ಒಂದು ದಿನ ಅದು ತಪ್ಪಿತು. ಮರುದಿನದಿಂದ ರೇಣುಕಮ್ಮ ತನ್ನ ಒಲೆಯ ಮೇಲೆ ಕಾಯಿಸಿದ ನೀರಿನ ಚೊಂಬನ್ನು ಕಿಂಡಿಯಲ್ಲಿಟ್ಟು ಕೂಗುತ್ತಿದ್ದಳು.

"ಸಕೀನಕ್ಕ, ನೀರು ತಗ. ಸುಡತೈತೆ, ಸೊಸೇನ ಕಳ್ಸು."

ಬಾತ್‌ರೂಮಿನ ಪಾಯವನ್ನು ಗೋಡೆಯ ಬುಡಕ್ಕೆ ಒತ್ತಿಯೇ ತೆಗೆದಿದ್ದರು. ಒಂದು ಮಧ್ಯಾಹ್ನ ಕ್ಯೂರಿಂಗ್ ನೀರಿನ ಪೈಪನ್ನು ಪಾಯದೊಳಗೆ ಬಿಟ್ಟು ಯರ್ರಪ್ಪ ಊಟಕ್ಕೆ ಹೋದ. ಅಂಗಡಿಯಿಂದ ಫೋನು ಬಂದು ಅನ್ವರನೂ ಅತ್ತ ಹೋದ. ನೀರು ಹಳೆಯ ಮಣ್ಣಿನ ಗೋಡೆಯ ಕೆಳಗೆ ಇಳಿಯಿತು. ಮೊದಲು ಕಿಂಡಿಯ ಮೇಲಿನ ಸುಣ್ಣ ಉದುರಿತು. ಆಮೇಲೆ ಗೋಡೆ ಜೋರು ಸದ್ದೇನೂ ಮಾಡದೆ ಕುಸಿದು, ರೇಣುಕಮ್ಮನ ಒಳಕೋಣೆಯ ಕಡೆಗೆ ಮಲಗಿಬಿಟ್ಟಿತು.

ಧೂಳಿನಲ್ಲಿ ಸಬೀನಾ ಕೂಗಿದಳು. "ದೀಪಿಕಾ! ಎಲ್ಲಿದ್ದೀಯಾ?"

"ಹೊರಗಿದೀನಿ ಬಾಬಿ, ಕಟ್ಟೆ ಮೇಲೆ!"

ಸೊಪ್ಪು ಸೋಸುತ್ತ ಬೀದಿಯ ಕಟ್ಟೆಯ ಮೇಲೆ ಕೂತಿದ್ದ ದೀಪಿಕಾಗೆ ಏನೂ ಆಗಿರಲಿಲ್ಲ. ಒಳಗೆ ರಾಗಿ ತುಂಬಿಟ್ಟಿದ್ದ ಮಣ್ಣಿನ ವಾಡೆ ಒಡೆದು, ರಾಗಿ ಮಣ್ಣಿನಲ್ಲಿ ಸೇರಿತ್ತು. ತೊಟ್ಟಿಲಿನ ಕಾಲು ಮುರಿದಿತ್ತು. ಎರಡೂ ಮನೆಯ ತೊಲೆಗಳ ತುದಿ ಗಾಳಿಯಲ್ಲಿ ನಿಂತಿದ್ದವು. ಯರ್ರಪ್ಪ ಓಡಿ ಬಂದು ಬೊಂಬು ಕೊಟ್ಟು ನಿಲ್ಲಿಸಿದ. ಸಂಜೆಗೆ ಗೋಡೆಯ ಜಾಗದಲ್ಲಿ ನೀಲಿ ಟಾರ್ಪಾಲು ಬಂತು.

ಸಂತೆಯಿಂದ ಬಂದ ರೇಣುಕಮ್ಮ ಮಗಳ ಹೊಟ್ಟೆ ಮುಟ್ಟಿ ನೋಡಿದಳು. ಆಮೇಲೆ ಟಾರ್ಪಾಲು ಸರಿಸಿ ಸಕೀನಾ ಬೀಯನ್ನು ಕೇಳಿದಳು.

"ನಿಂಗೇನೂ ಆಗಿಲ್ವಲ್ಲಕ್ಕ?"

ಜಿಲಾನ್ ಬಾಷಾ ತಲೆ ಎತ್ತದೆ ನಿಂತಿದ್ದರು. "ರೇಣುಕಮ್ಮ, ಹೆರಿಗೆಗೆ ಮುಂಚೆ ಗೋಡೆ ಎದ್ದಿರುತ್ತೆ. ನನ್ನ ಮಾತು."

"ಆಯ್ತು ಬಿಡಣ್ಣ. ಮೊದ್ಲು ಉಣ್ಣಿ."

ಆ ರಾತ್ರಿಯೇ ಸಬೀನಾ ತನ್ನ ಕೋಣೆಯ ಮಂಚ, ಫ್ಯಾನು ದೀಪಿಕಾಗೆ ಬಿಟ್ಟುಕೊಟ್ಟಳು. ಯಾರೂ ಹೇಳಿರಲಿಲ್ಲ. ಅನ್ವರ್ ಚಾಪೆ ಸುತ್ತಿಕೊಂಡು ಪಡಸಾಲೆಗೆ ಹೋಗುತ್ತ ಗೊಣಗಿದ. "ನನ್ನ ಒಂದು ಮಾತು ಕೇಳ್ಬೋದಿತ್ತು."

"ಕೇಳಿದ್ರೆ ಬ್ಯಾಡ ಅಂತಿದ್ರಾ?"

"ಇಲ್ಲ."

"ಮತ್ತೆ?"

ವಾರದೊಳಗೆ ವಿಮೆ ಕಂಪನಿಯ ಸರ್ವೇಯರ್ ಸೋಮಶೇಖರಪ್ಪ ದುರ್ಗದಿಂದ ಬಂದರು. ಕೊಡೆ ಹಿಡಿದ, ಕಡಿಮೆ ಮಾತಿನ ಮನುಷ್ಯ. ಮೊದಲು ಪಕ್ಕದ ಮನೆಗೆ ಹೋಗಿ ಬಿದ್ದದ್ದನ್ನು ನೋಡಿದರು. ರೇಣುಕಮ್ಮ ಅವರಿಗೆ ಮಜ್ಜಿಗೆ ಕೊಟ್ಟಳು.

"ಅಮ್ಮ, ಈ ಗೋಡೆ ಯಾರದು?"

ರೇಣುಕಮ್ಮ ಯೋಚಿಸಿದಳು. ನಂದು ಎಂದರೆ ಬಾಷಣ್ಣ ದಂಡ ಕಟ್ಟಬೇಕಾದೀತು. ಅವರದು ಎಂದರೆ ಬಿದ್ದ ಗೋಡೆಯ ದುಡ್ಡು ಅವರಿಗೇ ಬಂದೀತು. ಅವಳಿಗೆ ಹಾಗನ್ನಿಸಿತು.

"ಅವರದೇ ಸಾರ್. ನಾವು ಸುಮ್ನೆ ಒರಗಿಕಂಡಿದ್ವಿ."

ಅವರು ಬರೆದುಕೊಂಡು, ಸೈನ್ ಹಾಕಿಸಿಕೊಂಡು ಈಚೆ ಮನೆಗೆ ಬಂದರು. ಜಿಲಾನ್ ಬಾಷಾಗೂ ಅದೇ ಪ್ರಶ್ನೆ.

"ಜುಂಜಣ್ಣನ ಗೋಡೆ ಸಾರ್. ನಮ್ಮಪ್ಪನ ಕಾಲದಿಂದ ಹಂಗೇ ಕರೆಯೋದು."

ಸೋಮಶೇಖರಪ್ಪ ಪೆನ್ನು ಮುಚ್ಚಿದರು. "ಬಾಷಾರೇ, ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಗೋಡೆ ನಂದು ನಂದು ಅಂತ ಕಚ್ಚಾಡೋರ್ನ ನೋಡಿದೀನಿ. ಇಬ್ಬರೂ ಬ್ಯಾಡ ಅನ್ನೋದು ಇದೇ ಮೊದಲು. ನಿಮ್ಮದಾದ್ರೆ ಹಳೇ ಗೋಡೆ, ಪಾಲಿಸಿಯಲ್ಲಿ ಬರಲ್ಲ. ಅವರದಾದ್ರೆ ಬರುತ್ತೆ. ಆದ್ರೆ ಅವರೇ ಅಲ್ಲ ಅಂತಿದಾರೆ."

ಅವರು ಹೋದ ಮೇಲೆ ಮನೆಯಲ್ಲಿ ಕನ್ನಡ ಶುರುವಾಯಿತು.

"ಒಂದು ಮಾತು ರೇಣುಕ ಚಿಕ್ಕಮ್ಮಂಗೆ ಮೊದ್ಲೇ ಹೇಳಿದ್ರೆ ಏನಾಗಿರೋದು?" ಅನ್ವರ್ ತಟ್ಟೆ ತಳ್ಳಿದ.

"ಏನಂತ ಹೇಳೋದು? ಹಿಂಗಿಂಗೆ ಹೇಳು ಅಂತ ಪಾಠ ಮಾಡೋದಾ?" ಎಂದರು ಬಾಷಾ.

"ನಿನ್ನ ಅಣ್ಣ ಎಂಥ ಪಾಲಿಸಿ ಮಾಡಿಸಿದ್ನವ್ವ," ಎಂದಳು ಸಕೀನಾ ಬೀ ಸೊಸೆಗೆ. "ಗೋಡೆ ಬಿದ್ರೂ ಇಲ್ಲ, ನಿಂತ್ರೂ ಇಲ್ಲ."

"ನಮ್ಮಣ್ಣ ಅವತ್ತೇ ಹೇಳಿದ್ದ ಅಮ್ಮಿ. ನೀವೆಲ್ಲ ದಾಲ್ಚಾ ಹಾಕ್ಕೊಳ್ತಿದ್ರಿ."

ಅನ್ವರ್ ಎದ್ದು ಟಾರ್ಪಾಲು ಸರಿಸಿ ಆಚೆ ನಿಂತ. ರೇಣುಕಮ್ಮ ಮಣ್ಣಿನಿಂದ ರಾಗಿ ಜರಡಿ ಹಿಡಿಯುತ್ತಿದ್ದಳು.

"ಚಿಕ್ಕಮ್ಮ, ನಿಮ್ಮನ್ಯಾರು ಹಂಗೆ ಹೇಳು ಅಂದಿದ್ದು? ನಿಮ್ಮ ಒಳ್ಳೇತನ ನಮ್ಮ ತಲೆ ಮೇಲೆ ಬಂತು. ಈಗ ಗೋಡೆ ಯಾರು ಕಟ್ಟಿಸ್ತಾರೆ?"

ಜರಡಿ ನಿಂತಿತು. "ನಿಮಗೆ ಒಳ್ಳೇದಾಗ್ಲಿ ಅಂತ ಅಂದೆ ಕಣಪ್ಪ."

"ಆಗ್ಲಿಲ್ಲ!"

ಈಚೆ ಸಬೀನಾಳ ಕೋಣೆಯಿಂದ ದೀಪಿಕಾ ಸೊಂಟ ಹಿಡಿದುಕೊಂಡು ಎದ್ದು ಬಂದಳು. "ಅನ್ವರಣ್ಣ, ನಮ್ಮವ್ವನ ಮ್ಯಾಲೆ ಕೂಗಬ್ಯಾಡ. ಪೈಪು ಬಿಟ್ಟು ಹೋದೋರು ನಿಮ್ಮನೇರು." ಮಂಚದ ಮೇಲಿದ್ದ ತನ್ನ ದಿಂಬು, ಸೀರೆ ಎತ್ತಿಕೊಂಡು ಟಾರ್ಪಾಲಿನ ಆಚೆಗೆ ಹೋದಳು. ಸಬೀನಾ ತಡೆಯಲು ಕೈ ಚಾಚಿದಳು. ದೀಪಿಕಾ ನಿಲ್ಲಲಿಲ್ಲ.

ಆಮೇಲಿನ ದಿನಗಳಲ್ಲಿ ಯಾರಿಗೂ ಒಂದು ಕಡೆ ಕೂರಲಾಗಲಿಲ್ಲ. ಯರ್ರಪ್ಪ ಬೇರೆ ಊರಿನ ಕೆಲಸಕ್ಕೆ ಹೋದ. ಬಾಷಾ ಅಂಗಡಿಗೆ ಹೋಗಿ ಅರ್ಧ ದಿನಕ್ಕೇ ವಾಪಸು ಬರುತ್ತಿದ್ದರು, ಬೊಂಬುಗಳನ್ನು ಅಲ್ಲಾಡಿಸಿ ನೋಡುತ್ತಿದ್ದರು. ಗಾಳಿ ಬಂದರೆ ಟಾರ್ಪಾಲು ಪಟಪಟ ಬಡಿದುಕೊಳ್ಳುತ್ತಿತ್ತು. ಆಚೆ ದೀಪಿಕಾ ಧೂಳಿಗೆ ಕೆಮ್ಮುವುದು, ಮಗ್ಗುಲು ಬದಲಿಸಲು ನರಳುವುದು ಈಚೆಗೆ ಕೇಳುತ್ತಿತ್ತು. ಡಾಕ್ಟರು ತಿಂಗಳ ಕೊನೆಗೆ ಹೆರಿಗೆ ಎಂದಿದ್ದರು. ಎಳೆಗೂಸನ್ನು ಟಾರ್ಪಾಲಿನ ಹಿಂದೆ ಮಲಗಿಸುವುದು ಹೇಗೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಸಾರಿನ ಬಟ್ಟಲು ಬರುವುದು ನಿಂತಿತು. ಆದರೆ ಬೆಳಗ್ಗೆ ಸಬೀನಾ ಎದ್ದು ನೋಡಿದರೆ, ಟಾರ್ಪಾಲಿನ ಅಂಚಿನಡಿ ಬಿಸಿನೀರಿನ ಚೊಂಬು ಇರುತ್ತಿತ್ತು. ಕೂಗು ಮಾತ್ರ ಇರಲಿಲ್ಲ. ಚೊಂಬಿನ ಕಂಠಕ್ಕೆ, ಕೈ ಸುಡದಿರಲೆಂದು, ಒಂದು ಹಳೆ ಬಟ್ಟೆ ಸುತ್ತಿರುತ್ತಿತ್ತು.

ಮೂರನೆಯ ಬೆಳಗ್ಗೆ ಆ ಬಟ್ಟೆ ಬಿಚ್ಚುತ್ತ ಸಬೀನಾ ಅತ್ತೆಗೆ ಹೇಳಿದಳು. "ಅಮ್ಮಿ, ನಾನು ಮೊಳಕಾಲ್ಮುರಿಗೆ ಹೋಗಿ ಬರ್ತೀನಿ."

"ಸಿಟ್ಟು ಮಾಡ್ಕೊಂಡಾ?"

"ಸಿಟ್ಟಿಗೆ ಬಸ್ ಚಾರ್ಜ್ ಯಾಕೆ ಕೊಡ್ಲಿ? ಇಲ್ಲೇ ಮಾಡ್ಕೋತೀನಿ. ಅಣ್ಣನ್ನ ಕೇಳ್ಕೊಂಡು ಬರ್ತೀನಿ."

ಸಕೀನಾ ಬೀ ತನ್ನ ದಿಂಬಿನಡಿಯಿಂದ ನೋಟು ತೆಗೆದು ಸೊಸೆಯ ಕೈಗಿಟ್ಟಳು. "ತಳಕಿನಲ್ಲಿ ಬಸ್ ನಿಂತಾಗ ಟೀ ಕುಡಿ. ಖಾಲಿ ಹೊಟ್ಟೆಯಲ್ಲಿ ನಿನಗೆ ವಾಂತಿ ಬರುತ್ತೆ."

ಮೊಳಕಾಲ್ಮುರಿನ ಬಂಡೆಗಳು ಆ ಹೊತ್ತಿಗೇ ಕಾದಿದ್ದವು. ರೇಷ್ಮೆ ಸೀರೆಯ ಅಂಗಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ಇಫ್ತಿಕಾರ್ ತಂಗಿಯನ್ನು ನೋಡಿದವನೇ ಶುರುಮಾಡಿದ.

"ನಿಮ್ಮನೆಯವರಿಗೆ ಒಂದು ಗೋಡೆ ಯಾರದು ಅಂತ ಹೇಳೋಕೆ ಬರಲ್ವಾ? ಆಫೀಸಿನಲ್ಲಿ ನನ್ನ ಕೇಸು ಓದಿ ನಗ್ತಿದಾರೆ."

"ನಗ್ಲಿ. ಈಗೇನು ದಾರಿ?"

"ಫೈಲು ಇನ್ನೂ ಮುಚ್ಚಿಲ್ಲ. ಸರ್ವೇಯರ್ ಇನ್ನೊಂದು ಸಲ ಬರ್ತಾರೆ. ಗೋಡೆ ಪೂರ್ತಿ ನಂದು ಅಂತ ಆಯಮ್ಮ ಹೇಳಿದ್ರೆ ಪೂರ್ತಿ ದುಡ್ಡು ಬರುತ್ತೆ. ಅನ್ವರ್ ಫೋನ್ ಮಾಡಿದ್ದ, ಅದನ್ನೇ ಹೇಳಿದೀನಿ."

"ಪೂರ್ತಿ ಅವರದಲ್ಲ."

"ಮತ್ತೆ ಯಾರದು?"

"ಇಬ್ಬರದೂ. ತೊಲೆ ಎರಡು ಕಡೆಯಿಂದ್ಲೂ ಕೂತಿವೆ, ನಾನೇ ನೋಡಿದೀನಿ."

ಇಫ್ತಿಕಾರ್ ಕುರ್ಚಿಗೆ ಒರಗಿದ. "ಹಂಗಾದ್ರೆ ಅರ್ಧ ಬರುತ್ತೆ. ಅವರ ಕಾಳು, ತೊಟ್ಟಿಲು ಎಲ್ಲ ಸೇರುತ್ತೆ. ಇನ್ನರ್ಧ ನಿಮ್ಮ ಕೈಯಿಂದ. ಆದ್ರೆ ಅದನ್ನಾದ್ರೂ ಆಯಮ್ಮನೇ ಬಾಯಲ್ಲಿ ಹೇಳ್ಬೇಕು, ಅರ್ಧ ನಂದು ಅಂತ."

"ಆಯಮ್ಮ ಯಾವತ್ತೂ ಯಾವುದನ್ನೂ ನಂದು ಅಂದಿದ್ದು ನಾ ಕೇಳಿಲ್ಲ," ಎಂದಳು ಸಬೀನಾ.

ಅತ್ತಿಗೆ ಏನೂ ಕೇಳದೆಯೇ ಒಂದು ಚೀಲ ಕಟ್ಟಿಕೊಟ್ಟಳು. ಹಳೆಯ ಮೆತ್ತನೆಯ ಹತ್ತಿಸೀರೆ, ಮಗುವಿಗೆ ಹಾಸಲು.

ಸಂಜೆ ಸಬೀನಾ ಮನೆಗೆ ಬಂದವಳು ಬುರ್ಖಾ ತೆಗೆಯುವ ಮುಂಚೆಯೇ ಟಾರ್ಪಾಲು ಎತ್ತಿ ಆಚೆ ಹೋದಳು. ರೇಣುಕಮ್ಮ ಮುದ್ದೆ ತಿರುವುತ್ತಿದ್ದಳು. ಸಬೀನಾ ಒಲೆಯ ಪಕ್ಕ ಕೂತು ಎಲ್ಲ ಹೇಳಿದಳು.

"ಅಂದ್ರೆ ನಾ ಹಂಗಂದಿದ್ದಕ್ಕೇ ದುಡ್ಡು ಹೋತಾ?"

"ಹೂಂ ಚಿಕ್ಕಮ್ಮ."

"ಮತ್ತೆ ನಂದು ಅಂತ ಅಂದ್ರೆ, ಊರಾಗೆ ಏನಂತಾರೆ? ಗಂಡ ಸತ್ತ ಮ್ಯಾಲೆ ಗ್ವಾಡೆಗೆ ಆಸೆಬಿದ್ಲು ಅನ್ನಲ್ವಾ? ಬಾಷಣ್ಣ ಏನಂದ್ಕತಾನೆ?"

"ಅವ್ವ," ಎಂದಳು ದೀಪಿಕಾ ಗೋಡೆಯಿಲ್ಲದ ಕಡೆಗೆ ಬೆನ್ನು ಮಾಡಿ, "ಊರಿನೋರು ಬಂದು ಮಗೀನ ಧೂಳು ಒರೆಸ್ತಾರಾ?"

ರೇಣುಕಮ್ಮ ಮುದ್ದೆಯೊಂದನ್ನು ತಟ್ಟೆಗೆ ಹಾಕಿ, ಉಚ್ಚೆಳ್ಳಿನ ಚಟ್ನಿ ಇಟ್ಟು ಸಬೀನಾಳ ಮುಂದೆ ಸರಿಸಿದಳು. "ಬಸ್ಸಿನಾಗೆ ಬಂದೀಯ. ಉಣ್ಣು."

ಈಚೆ ಮನೆಯಲ್ಲಿ ಅನ್ವರ್ ಒಪ್ಪಲಿಲ್ಲ. "ಅರ್ಧ ಯಾಕೆ? ಒಂದು ಮಾತು ಜಾಸ್ತಿ ಹೇಳಿದ್ರೆ ಪೂರ್ತಿ ಬರುತ್ತೆ."

"ನಾಳೆ ಆ ಮಾತು ನಿಜ ಆಗುತ್ತೆ ಲೇ," ಎಂದರು ಬಾಷಾ. "ಗೋಡೆ ಪೂರ್ತಿ ಅವರದು ಅಂತ ಬರೆಸಿದ ಮೇಲೆ ನಿನ್ನ ತೊಲೆ ಎಲ್ಲಿ ಇಡ್ತೀಯ?"

"ಹಂಗಾದ್ರೆ ಎರಡು ಗೋಡೆ ಕಟ್ಟೋಣ. ಅವರದು ಅವರಿಗೆ, ನಮ್ಮದು ನಮಗೆ. ಸಬೀನಾನೂ ಅದನ್ನೇ ಕೇಳ್ತಿದ್ಲಲ್ಲ, ಕಿಂಡಿ ಬ್ಯಾಡ ಅಂತ."

ಎಲ್ಲರೂ ಸಬೀನಾಳ ಕಡೆ ನೋಡಿದರು. ಅವಳು ತಟ್ಟೆ ತೊಳೆಯುತ್ತಿದ್ದಳು.

"ಇನ್ನರ್ಧಕ್ಕೆ ಏನು ಮಾಡೋದು?" ಎಂದಳು ಅಷ್ಟೇ.

"ಬಾತ್‌ರೂಮಿಗೆ ಟೈಲ್ಸ್ ಬ್ಯಾಡ," ಎಂದಳು ಸಕೀನಾ ಬೀ ಮೂಲೆಯಿಂದ. "ಬರೀ ಸೀಮೆಂಟ್ ಸಾಕು. ನಾನೇನು ಅಲ್ಲಿ ನೆಂಟರನ್ನ ಕೂರಿಸ್ತೀನಾ?"

ಸೋಮಶೇಖರಪ್ಪ ಎರಡನೆಯ ಸಲ ಬಂದ ದಿನ ಮೋಡ ಕಟ್ಟಿತ್ತು. ಮಣ್ಣು ತೆಗೆದು ಸ್ವಚ್ಛ ಮಾಡಿದ್ದರಿಂದ ಗೋಡೆಯ ಬುಡದ ಕಲ್ಲು, ಒಂದು ಮೊಳಕ್ಕಿಂತ ಅಗಲದ್ದು, ಎರಡು ಮನೆಯ ನಡುವೆ ಉದ್ದಕ್ಕೂ ಕಾಣುತ್ತಿತ್ತು. ಅವರು ಮೇಲೆ ತೊಲೆಗಳ ತುದಿ ನೋಡಿದರು.

"ನನಗೆ ಕಾಣ್ತಾ ಐತೆ. ಆದ್ರೆ ಕಂಡಿದ್ದು ಸಾಲದು, ನೀವು ಹೇಳ್ಬೇಕು. ಅಮ್ಮ, ಗೋಡೆ ಯಾರದು?"

ರೇಣುಕಮ್ಮ ಸೆರಗು ಹೊದ್ದು ನಿಂತಿದ್ದಳು. ಬಾಷಾರ ಮುಖ ನೋಡಿದಳು. ಬಾಷಾ ಅವಳಿಗೆ ಕಷ್ಟವಾಗದಿರಲೆಂದು ಬೆನ್ನು ತಿರುಗಿಸಿ, ಬೊಂಬಿನ ಹಗ್ಗ ಬಿಗಿಮಾಡತೊಡಗಿದರು.

"ಅರ್ಧ..." ಎಂದು ನಿಲ್ಲಿಸಿದಳು. "ಅರ್ಧ ನಂದು ಸಾರ್. ಅರ್ಧ ಅವರದು."

"ಎಲ್ಲಿಂದ ಎಲ್ಲಿಗೆ? ಒಂದು ಗೀಟು ಹಾಕಿ. ಫೋಟೋ ಬೇಕು."

ರೇಣುಕಮ್ಮ ಒಳಗಿನಿಂದ ರಂಗೋಲಿ ಪುಡಿ ತಂದಳು. ಬುಡದ ಕಲ್ಲಿನ ನಡುಮಧ್ಯದಿಂದ ಶುರುಮಾಡಿದಳು. ದಿನವೂ ಬಾಗಿಲ ಮುಂದೆ ಗೆರೆ ಎಳೆಯುವ ಕೈ ಅದು. ಮೊದಲು ನೇರವಾಗಿಯೇ ಹೋಯಿತು. ಅರ್ಧ ದಾರಿಯಲ್ಲಿ ಅದು ಮೆಲ್ಲಗೆ ಅವಳ ಮನೆಯ ಕಡೆಗೇ ಸರಿಯಿತು. ಕೊನೆಗೆ ಬರುವ ಹೊತ್ತಿಗೆ ಒಂದು ಗೇಣಿನಷ್ಟು ಕಲ್ಲನ್ನು ಅವಳು ಬಾಷಾ ಮನೆಗೆ ಬಿಟ್ಟುಕೊಟ್ಟಿದ್ದಳು.

ಅನ್ವರ್ ಹಿಂದಿನಿಂದ ಕೆಮ್ಮಿದ. ಗೆರೆ ತಮ್ಮ ಮನೆಯ ಕಡೆಗೆ ಸರಿದಷ್ಟೂ ವಿಮೆಯ ದುಡ್ಡು ಹೆಚ್ಚೆಂದು ಸಬೀನಾಗೆ ಕಣ್ಣಿನಲ್ಲೇ ತೋರಿಸಿದ.

ಸಬೀನಾ ಕುಕ್ಕರಗಾಲಿನಲ್ಲಿ ಕೂತಳು. ಅಂಗೈಯ ಅಂಚಿನಿಂದ ಸೊಟ್ಟಗಾದ ಭಾಗವನ್ನು ಒರೆಸಿದಳು. ಎರಡೂ ಕಡೆ ಗೇಣು ಹಾಕಿ ಅಳೆದಳು. ಪುಡಿ ತೆಗೆದುಕೊಂಡು ನಡುಮಧ್ಯಕ್ಕೇ ಎಳೆದು ಮುಗಿಸಿದಳು.

"ಅಷ್ಟು ಬ್ಯಾಡ ಕಣವ್ವ," ಎಂದಳು ರೇಣುಕಮ್ಮ ಮೆಲ್ಲಗೆ.

"ಎಷ್ಟೋ ಅಷ್ಟೇ ಚಿಕ್ಕಮ್ಮ. ಜಾಸ್ತೀನೂ ಬ್ಯಾಡ, ಕಮ್ಮೀನೂ ಬ್ಯಾಡ." ಆಮೇಲೆ ಗಂಡನ ಕಡೆ ತಿರುಗಿ, "ಕೆಮ್ಮಿಗೆ ಶುಂಠಿ ಕಷಾಯ ಮಾಡ್ಕೊಡ್ತೀನಿ," ಎಂದಳು.

ಸೋಮಶೇಖರಪ್ಪ ಫೋಟೋ ತೆಗೆದರು. ಅವರು ಬೀದಿಯ ತಿರುವು ದಾಟುವ ಹೊತ್ತಿಗೆ ಅನ್ವರ್ ಜರಡಿಯ ಮುಂದೆ ಕೂತು, ಉಳಿದಿದ್ದ ರಾಗಿಯಲ್ಲಿ ಕಲ್ಲು ಆರಿಸತೊಡಗಿದ್ದ. ರೇಣುಕಮ್ಮ ಅವನ ಮುಂದೆ ಇನ್ನೊಂದು ಮೊರ ತಂದಿಟ್ಟಳು.

ಕಂಪನಿ ಒಪ್ಪಿತೆಂದು ಇಫ್ತಿಕಾರ್ ಫೋನು ಮಾಡಿದ ದಿನವೇ ದೀಪಿಕಾಗೆ ನೋವು ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಬಾಷಾ ಕೊಟ್ಟ ಮಾತು ಉಳಿಯಲಿಲ್ಲ, ಗೋಡೆ ಇನ್ನೂ ಎದ್ದಿರಲಿಲ್ಲ. ಬಾಣಂತಿಯೂ ಮಗುವೂ ಸಬೀನಾಳ ಕೋಣೆಗೆ ಬಂದರು. ಅನ್ವರ್ ಈ ಸಲ ತಾನೇ ಚಾಪೆ ಸುತ್ತಿಕೊಂಡ.

ಯರ್ರಪ್ಪ ವಾಪಸು ಬಂದಾಗ ನಡುವೆ ಒಂದು ಮಳೆಯಾಗಿ ಹೋಗಿತ್ತು. ಬುಡದ ಕಲ್ಲು ತೊಳೆದಂತೆ ಸ್ವಚ್ಛವಾಗಿತ್ತು.

"ಗೀಟು ಹಾಕೀರಂತೆ, ಎಲ್ಲೈತಮ್ಮ?" ಎಂದ ಅವನು ದಾರ ಬಿಚ್ಚುತ್ತ. "ಎರಡು ಗ್ವಾಡೆ ಅಂತ ಹೇಳಿದ್ರು ಅನ್ವರಣ್ಣ. ಯಾವ ಕಡೆಗೆ ಎಷ್ಟು ಬಿಡ್ಲಿ?"

ರೇಣುಕಮ್ಮ ಸಬೀನಾಳನ್ನು ನೋಡಿದಳು. ಬಾಗಿಲಲ್ಲಿ ನಿಂತ ಅನ್ವರನೂ ನೋಡಿದ.

"ಗೀಟು ಫೋಟೋದಲ್ಲೈತೆ, ಅಲ್ಲೇ ಇರ್ಲಿ," ಎಂದಳು ಸಬೀನಾ. "ನೀನು ಒಂದೇ ಗೋಡೆ ಕಟ್ಟು. ಮೆಲ್ಲಗೆ ಕುಟ್ಟು, ಮಗು ಮಲಗೈತೆ."

"ಕಿಂಡಿ?"

ಸಬೀನಾ ಎದೆಮಟ್ಟಕ್ಕೆ ಕೈ ಹಿಡಿದು ಜಾಗ ತೋರಿಸಿದಳು.

"ಕಿಂಡಿ ಇಡು. ಆದ್ರೆ ಬಾಗ್ಲು ಬೇಕು. ಚಿಲಕ ಅವರ ಕಡೆಗೂ ಒಂದು, ನಮ್ಮ ಕಡೆಗೂ ಒಂದು."